ನಾನು ಶಿಲೀಂಧ್ರವೇ ಅಲ್ಲ, ಮಾರಾಯ್ರೇ!

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟ. ಪುನರ್ವಸು ಮಳೆ ಹಿಡಿದ ಪಟ್ಟು ಬಿಟ್ಟಿಲ್ಲ. ಮರದ ಬುಡದಲ್ಲಿ ಉದುರಿ ಬಿದ್ದ ಎಳೆ ಅಡಿಕೆಯ ಮೇಲೆ ಬೆಳ್ಳನೆಯ ಬೂಜು ಹೊದ್ದು ಕೂತವರೇ ಈ ವಾರದ ಅತಿಥಿ. ಊರವರ ಬಾಯಲ್ಲಿ ಕೊಳೆ. ವಿಜ್ಞಾನಿಗಳ ಕಡತದಲ್ಲಿ ಫೈಟಾಫ್ತೊರಾ. ಪತ್ರಿಕೆಯ ಪ್ರತಿನಿಧಿ ಮರ್ಯಾದೆಗೆ ಕೊರತೆಯಾಗಬಾರದೆಂದು ‘ಕೊಳೆರಾಯರೇ’ ಎಂದು ಕರೆದಾಗ ಅತಿಥಿಗೆ ಖುಷಿಯಾಯಿತು. ಒಂದೇ ಶರತ್ತು: ‘ನಾಲ್ಕು ದಿನ ಹೊಳವಾದರೆ ನನಗೆ ಮಾತಾಡಲು ತ್ರಾಣ ಇರುವುದಿಲ್ಲ. ಬೇಗ ಕೇಳಿ.’

ಪ್ರತಿನಿಧಿ: ಮೊದಲು ತಮ್ಮ ಕುಲಗೋತ್ರ. ತಾವು ಶಿಲೀಂಧ್ರ ತಾನೇ?

ಕೊಳೆರಾಯ: ಎಲ್ಲರೂ ಎಡವುವುದೇ ಅಲ್ಲಿ ಮಾರಾಯ್ರೇ! ಎಳೆ ಎಳೆಯಾಗಿ ಬೆಳೆಯುತ್ತೇನೆ, ಬೀಜಕ ಹರಡುತ್ತೇನೆ ಎಂದು ನನ್ನನ್ನು ಅಣಬೆಯ ಮನೆಗೆ ಸೇರಿಸಿ ಬರೆದುಬಿಟ್ಟರು. ವಂಶವೃಕ್ಷ ತೆಗೆಸಿ ನೋಡಿ. ನನ್ನ ದಾಯಾದಿಗಳು ಸಮುದ್ರದ ಕಂದು ಪಾಚಿ ಮತ್ತು ಡಯಾಟಮ್‌ಗಳು. ಶಿಲೀಂಧ್ರದ ಕೋಶಭಿತ್ತಿಗೆ ಕೈಟಿನ್ ಬಲ; ನನ್ನದನ್ನು ಕಟ್ಟಿರುವುದು ಗ್ಲೂಕಾನ್, ಸೆಲ್ಯುಲೋಸ್. ನನ್ನ ಮರಿಗಳಿಗೆ ಎರಡೆರಡು ಬಾಲ. ಎಲೆಯ ಮೇಲೆ ನೀರಿನ ಪಸೆ ಇದ್ದರೂ ಸಾಕು, ಈಜಿಕೊಂಡು ಹೋಗುತ್ತವೆ. ಅದಕ್ಕೇ ನಮ್ಮ ಕುಲಕ್ಕೆ ನೀರುಬೂಜು ಎನ್ನುವುದು.

ಪ್ರತಿನಿಧಿ: ಹಾಗಿದ್ದರೆ ದಾಖಲೆ ತಿದ್ದುಪಡಿಗೆ ಒಂದು ಅರ್ಜಿ ಹಾಕಬಹುದಿತ್ತಲ್ಲ?

ಕೊಳೆರಾಯ: ತಪ್ಪು ದಾಖಲೆಯಿಂದ ಲಾಭ ಉಣ್ಣುವವನು ತಿದ್ದುಪಡಿಗೆ ಅರ್ಜಿ ಕೊಟ್ಟದ್ದನ್ನು ಎಲ್ಲಾದರೂ ಕಂಡಿದ್ದೀರಾ? ತೋಟದವರು ಪೇಟೆಗೆ ಹೋಗಿ ‘ಕೊಳೆಗೆ ಏನಾದರೂ ಮದ್ದು ಕೊಡಿ’ ಅನ್ನುತ್ತಾರೆ. ಅಂಗಡಿಯವನು ಕೈಗೆ ಸಿಕ್ಕಿದ ಶಿಲೀಂಧ್ರನಾಶಕ ಕೊಡುತ್ತಾನೆ. ಕಾರ್ಬೆಂಡಜಿಮ್ ಕೊಟ್ಟನೆನ್ನಿ, ಅಣಬೆಯ ಕುಲದವರು ಸಾಯುತ್ತಾರೆ, ನನಗೆ ಕೂದಲೂ ಕೊಂಕುವುದಿಲ್ಲ. ಹೆಕ್ಸಾಕೊನಜೋಲ್ ಗುಂಪಿನದು ಕೊಟ್ಟರೆ ಅದು ಶಿಲೀಂಧ್ರದೊಳಗೆ ಎರ್ಗೊಸ್ಟೆರಾಲ್ ತಯಾರಾಗುವುದನ್ನು ತಡೆಯುತ್ತದೆ. ನಾನು ಎರ್ಗೊಸ್ಟೆರಾಲ್ ತಯಾರಿಸುವುದೇ ಇಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಜಡಿದು ಬಿಲ್ಲು ಪಾವತಿಸಿ ಬಂದಂತೆ!

ಇದು ಬರೀ ಜಂಬವೆಂದು ತಳ್ಳಿಹಾಕುವ ಹಾಗಿಲ್ಲ. ಪ್ರಯೋಗಾಲಯದಲ್ಲಿ ನೀರುಬೂಜನ್ನು ಬೇರ್ಪಡಿಸಿ ಬೆಳೆಸುವಾಗ ನಡುವೆ ನುಗ್ಗುವ ಶಿಲೀಂಧ್ರಗಳ ಕಾಟ ತಪ್ಪಿಸಲು ಬೆನೊಮಿಲ್ ಬೆರೆಸುವುದುಂಟು. ಬೆನೊಮಿಲ್ ಒಡೆದಾಗ ಹುಟ್ಟುವುದೇ ಕಾರ್ಬೆಂಡಜಿಮ್. ವಿಜ್ಞಾನಿಗಳು ಕೊಳೆರಾಯರಿಗೆ ಕೋಣೆ ತೆರವು ಮಾಡಿಕೊಡಲು ಬಳಸುವ ವಸ್ತುವನ್ನೇ ತೋಟದವರು ಅವರನ್ನು ಓಡಿಸಲೆಂದು ದುಡ್ಡು ಕೊಟ್ಟು ತರುತ್ತಾರೆ.

ಪ್ರತಿನಿಧಿ: ತಮ್ಮ ಮನೆತನದ ಕೀರ್ತಿ ಐರ್ಲೆಂಡಿನವರೆಗೂ ಹಬ್ಬಿದೆಯಂತೆ?

ಕೊಳೆರಾಯ: ಅದು ನನ್ನ ಅಣ್ಣ, ಇನ್ಫೆಸ್ಟಾನ್ಸ್. ಆಲೂಗಡ್ಡೆ, ಟೊಮೆಟೊ ಅವನ ಪಾಲು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ಇಳಿದ. ಮುಂದಿನ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು.

ಈ ಮಾತಿಗೆ ಪ್ರತಿನಿಧಿ ಬರೆಯುವುದನ್ನು ನಿಲ್ಲಿಸಿದರು. ಕೊಳೆರಾಯರು ತುಸು ದನಿ ತಗ್ಗಿಸಿ ಮುಂದುವರಿಸಿದರು: ‘ಪಾಪ ಪೂರ್ತಿ ನಮ್ಮ ತಲೆಗೇ ಕಟ್ಟಬೇಡಿ. ಹಸಿದವರ ನಾಡಿನಿಂದ ಆಗಲೂ ಧಾನ್ಯದ ಹಡಗುಗಳು ಹೊರಗೆ ಹೋಗುತ್ತಲೇ ಇದ್ದವು. ಅದು ನಾವು ಮಾಡಿದ್ದಲ್ಲ.’

ಪ್ರತಿನಿಧಿ: ಆಗ ಯಾರೂ ತಮ್ಮ ಅಣ್ಣನನ್ನು ಗುರುತಿಸಲಿಲ್ಲವೇ?

ಕೊಳೆರಾಯ: ಬರ್ಕಲಿ ಎಂಬ ಪಾದ್ರಿ 1846ರಲ್ಲೇ ‘ಈ ಬೂಜೇ ಕಾರಣ’ ಎಂದ. ಲಿಂಡ್ಲಿಯಂಥ ಘಟಾನುಘಟಿ ಸಸ್ಯಶಾಸ್ತ್ರಜ್ಞ ಒಪ್ಪಲಿಲ್ಲ. ಮಳೆ ನೀರು ಹೆಚ್ಚು ಕುಡಿದು ಗಿಡ ಕೊಳೆತಿದೆ, ಬೂಜು ಆಮೇಲೆ ಬಂದದ್ದು ಅಂತ ಅವನ ವಾದ. ಜರ್ಮನಿಯ ಆಂಟನ್ ಡಿ ಬರಿ ಆರೋಗ್ಯವಂತ ಗಿಡಕ್ಕೆ ಬೂಜು ಸೋಂಕಿಸಿ, ಅದರಿಂದಲೇ ರೋಗ ಎಂದು ತೋರಿಸಿದ್ದು 1861ರಲ್ಲಿ. ಅಲ್ಲಿಯವರೆಗೆ ಮಳೆಯೇ ಆರೋಪಿ. ಇಲ್ಲಿಯೂ ‘ಈ ವರ್ಷ ಮಳೆ ಜಾಸ್ತಿ, ಅದಕ್ಕೇ ಅಡಿಕೆ ಉದುರಿತು’ ಅನ್ನುತ್ತಾರಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಪರಮ ಸಮಾಧಾನ.

ಇಲ್ಲಿಯ ಮಟ್ಟಿಗೆ ಆ ಸಮಾಧಾನ ಕೆಡಿಸಿದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಮಲೆನಾಡಿನ ಕೊಳೆಯನ್ನು ಅಭ್ಯಾಸ ಮಾಡಿ, 1910ರಲ್ಲಿ ಅದರ ಬಗ್ಗೆಯೇ ಪುಸ್ತಿಕೆ ಬರೆದರು. ಅಲ್ಲಿಯವರೆಗೆ ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ರೈತರಿಗಿದ್ದ ದಾರಿ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸಿದರೆ ಕೊನೆ ಉಳಿಯುತ್ತದೆಂದು ಕೋಲ್ಮನ್ ತೋರಿಸಿಕೊಟ್ಟರು.

ಪ್ರತಿನಿಧಿ: ಕೋಲ್ಮನ್ ಸಾಹೇಬರ ಮೇಲೆ ಸಿಟ್ಟಿದೆಯೇ?

ಕೊಳೆರಾಯ: ಸಿಟ್ಟು ಅವರ ಮೇಲಲ್ಲ, ದ್ರಾಕ್ಷಿ ಕಳ್ಳರ ಮೇಲೆ! ಫ್ರಾನ್ಸಿನ ಮೆದೋಕ್ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಎಂದು ರಸ್ತೆ ಪಕ್ಕದ ಬಳ್ಳಿಗಳಿಗೆ ತುತ್ತ, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಲ್ಲಿ ಎಲೆ ಉಳಿದಿರುವುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಕಂಡು, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಆ ಎಲೆಗಳನ್ನು ತಿನ್ನುತ್ತಿದ್ದ ಬೂಜು ತುಪ್ಪಟದವನೂ ನಮ್ಮ ಕುಲದವನೇ. ಕಳ್ಳರು ಸುಮ್ಮನಿದ್ದಿದ್ದರೆ ನಮ್ಮ ಸಂಸಾರ ನೆಮ್ಮದಿಯಾಗಿರುತ್ತಿತ್ತು.

ಪ್ರತಿನಿಧಿ: ಅಷ್ಟು ಹಳೆಯ ಮದ್ದಿದ್ದೂ ಈಗಲೂ ತೋಟ ಖಾಲಿ ಮಾಡುತ್ತೀರಲ್ಲ?

ಕೊಳೆರಾಯ: ಬೋರ್ಡೋ ಬಾಗಿಲು ಕಾಯುತ್ತದೆ, ಒಳಗೆ ಹೊಕ್ಕವನನ್ನು ಹೊರಗೆ ಎಳೆಯುವುದಿಲ್ಲ. ಮುಂಗಾರಿಗೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಮೊದಲ ಸಲಕ್ಕೆ ಕೊನೆಗಾರ ಸಿಗುವುದಿಲ್ಲ. ಎರಡನೆಯ ಸಲಕ್ಕೆ ಹೊಳವು ಸಿಗುವುದಿಲ್ಲ. ಉದುರಿದ ಅಡಿಕೆಯನ್ನು ಹೆಕ್ಕುವವರಿಲ್ಲ. ಇವರು ಹೊಡೆದರೂ ಬೇಲಿಯಾಚೆಯ ದಾಯಾದಿ ಹೊಡೆಯುವುದಿಲ್ಲ. ಕೋರ್ಟಿನಲ್ಲಿ ಪಾಲಿನ ವ್ಯಾಜ್ಯವಿರುವ ತೋಟದಷ್ಟು ಸುಖ ನನಗೆ ಬೇರೆಲ್ಲೂ ಇಲ್ಲ.

ಪ್ರತಿನಿಧಿ: ತಮ್ಮನ್ನು ಪತ್ತೆ ಹಚ್ಚುವುದು ಹೇಗೆ? ಗುಟ್ಟಾದರೆ ಬೇಡ.

ಕೊಳೆರಾಯ: ಗುಟ್ಟೇನು ಬಂತು, ನನ್ನ ಹೊಟ್ಟೆಬಾಕತನವೇ ನನಗೆ ಮುಳುವು. ತೋಟದ ಮಣ್ಣನ್ನು ನೀರಿಗೆ ಹಾಕಿ ಮೇಲೆ ಗುಲಾಬಿ ದಳವನ್ನೋ ಎಲೆ ತುಂಡನ್ನೋ ತೇಲಿಬಿಡುತ್ತಾರೆ. ನನ್ನ ಮರಿಗಳು ವಾಸನೆ ಹಿಡಿದು ಈಜಿ ಬಂದು ಅಂಟಿಕೊಳ್ಳುತ್ತವೆ. ಆ ತುಂಡನ್ನು ಕ್ಯಾರೆಟ್ ರಸದ ಅಗರ್ ಮೇಲಿಟ್ಟು ಬೆಳೆಸಿ, ಸೂಕ್ಷ್ಮದರ್ಶಕದ ಕೆಳಗೆ ಬೀಜಕದ ಚೀಲ ನೋಡುತ್ತಾರೆ: ತುದಿಯಲ್ಲಿ ಮೊಲೆತೊಟ್ಟಿನಂಥ ಉಬ್ಬು ಇದೆಯೇ, ಕಳಚಿ ಬೀಳುತ್ತದೆಯೇ, ತೊಟ್ಟು ಉದ್ದವೋ ಗಿಡ್ಡವೋ. ನನ್ನ, ಅಂದರೆ ಪಾಮಿವೋರಾ ಪ್ರಭೇದದವನ, ತೊಟ್ಟು ಗಿಡ್ಡ. ಇದೇ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಸೊರಗು ರೋಗ ತರುವ ಕ್ಯಾಪ್ಸಿಸಿಯದು ಉದ್ದ. ಅನುಮಾನ ಉಳಿದರೆ ಡಿಎನ್‌ಎ.

ಡಿಎನ್‌ಎ ಎಂದದ್ದೇ ಅತಿಥಿಯ ಮುಖ ಬಾಡಿತು. ಕಾರಣವೂ ಇತ್ತು. ಕೋಲ್ಮನ್ ಇವರನ್ನು ಓಮ್ನಿವೋರಾದ ಒಂದು ಬಗೆ ಎಂದಿದ್ದರು. 1913ರಲ್ಲಿ ಪೆಥಿಬ್ರಿಜ್ ‘ಅರೆಕೆ’ ಎಂದು ಪ್ರತ್ಯೇಕ ಹೆಸರು ಕೊಟ್ಟರು. ಅಣುಮಟ್ಟದ ಪರೀಕ್ಷೆ ಬಂದ ಮೇಲೆ ‘ಅರೆಕೆ’ ಹೋಗಿ ಪಾಮಿವೋರಾದಲ್ಲಿ ಲೀನವಾಯಿತು. ಕೊಳೆ ಬಂದ ಅಡಿಕೆಯಲ್ಲಿ ಮೀಡಿಯೈ ಎಂಬ ಇನ್ನೊಂದು ಪ್ರಭೇದ ಸಿಕ್ಕಿತು. 2013ರಲ್ಲಂತೂ ಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟಿದ್ದ ಹತ್ತೊಂಬತ್ತನೆಯ ಶತಮಾನದ ಆಲೂಗಡ್ಡೆ ಎಲೆಗಳಿಂದ ಡಿಎನ್‌ಎ ತೆಗೆದು, ಐರ್ಲೆಂಡಿಗೆ ಹೋದ ಅಣ್ಣನ ವಂಶ ಯಾವುದೆಂದೂ ಹೇಳಿಬಿಟ್ಟರು.

ಪ್ರತಿನಿಧಿ: ಕೊನೆಯ ಪ್ರಶ್ನೆ. ತಮ್ಮ ಕುಲಕ್ಕೆಂದೇ ಮಾಡಿದ ಮದ್ದೂ ಇದೆಯಲ್ಲ, ಮೆಟಲಾಕ್ಸಿಲ್?

ಕೊಳೆರಾಯ: 1977ರ ಸುಮಾರಿಗೆ ಬಂತು. 1980ರಲ್ಲೇ ಐರ್ಲೆಂಡು, ನೆದರ್ಲೆಂಡಿನಲ್ಲಿ ಅಣ್ಣನ ಮಕ್ಕಳು ಅದನ್ನು ಜೀರ್ಣಿಸಿಕೊಂಡಿದ್ದರು. ಅದಕ್ಕೆ ಬಗ್ಗದೆ ಯುರೋಪಿನಲ್ಲಿ ಮೆರೆದ ಅಣ್ಣನ ‘13_ಎ2’ ಎಂಬ ವಂಶ ದಕ್ಷಿಣ ಭಾರತಕ್ಕೂ ಬಂದು, 2009–10ರಲ್ಲಿ ಇಲ್ಲಿಯ ಟೊಮೆಟೊ ಹೊಲಗಳನ್ನು ಸುಟ್ಟಂತೆ ಮಾಡಿತು. ಅದೇ ಮದ್ದು ಅದೇ ಅಳತೆಯಲ್ಲಿ ಹೊಡೆಯುತ್ತಲೇ ಇರಿ, ನಮ್ಮ ಅಭ್ಯಂತರವಿಲ್ಲ. ಮೊದಲು ಯಾವನು ಬಂದಿದ್ದಾನೆಂದು ಪರೀಕ್ಷೆ ಮಾಡಿಸುವ ದುರಭ್ಯಾಸ ಮಾತ್ರ ಬೇಡ.

ಮಳೆ ಮತ್ತೆ ಜೋರಾಯಿತು. ‘ಕೆಲಸವಿದೆ’ ಎಂದು ಅತಿಥಿ ಸಂದರ್ಶನ ಮುಗಿಸಿದರು.

ಬೇಡವೆಂದು ಅವರು ಹೇಳಿದ್ದನ್ನೇ ಓದುಗರು ಮಾಡಬೇಕು. ಪೂರ್ತಿ ಕೊಳೆತದ್ದರ ಬದಲು ತೊಟ್ಟಿನ ಬಳಿ ಆಗಷ್ಟೇ ನೀರು ಕುಡಿದಂತೆ ಕಲೆ ಕಂಡ ಅಡಿಕೆಗಳನ್ನು ಕಾಗದದಲ್ಲಿ ಸುತ್ತಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಒಯ್ಯಿರಿ. ಉದುರಿದ್ದನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕಿ. ಮುಂದಿನ ಮುಂಗಾರಿಗೆ ಮುಂಚೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ಕಲಸಿ, ಬೇಲಿಯಾಚೆಯವರನ್ನೂ ಜೊತೆಗೆ ಕರೆದುಕೊಂಡು ಹೊಡೆಯಿರಿ.