ನಲ್ಲಿ, ತಟ್ಟೆ, ಲಟ್ಟಣಿಗೆ

ನಮ್ಮ ಮನೆಯ ಲಟ್ಟಣಿಗೆಗೆ ನಲವತ್ತು ದಾಟಿದೆ. ನಡುಭಾಗ ಕೊಂಚ ಸವೆದಿರುವುದರಿಂದ ನಮ್ಮಲ್ಲಿ ಚಪಾತಿ ನಡುವೆ ದಪ್ಪ, ಅಂಚಿಗೆ ತೆಳು. ಗಂಡಂದಿರನ್ನು ಹೆದರಿಸುವ ಆಯುಧವೆಂದು ವ್ಯಂಗ್ಯಚಿತ್ರಕಾರರು ಅದಕ್ಕೆ ಕಟ್ಟಿರುವ ಖ್ಯಾತಿ ನಮ್ಮಲ್ಲಿ ಎಂದೂ ರುಜುವಾತಾಗಿಲ್ಲ. ಆ ಕೆಲಸಕ್ಕೆ ಹೆಂಡತಿಯ ಒಂದು ನೋಟವೇ ಸಾಕು.

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಗೆ ಒಂಬತ್ತು ದಿನ ನೀರು ಬರಲಿಲ್ಲ. ನಾನು ಅರ್ಜಿ ಬರೆಯಲು ಕೂತೆ. ‘ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂಬಲ್ಲಿಗೆ ಬಂದು, ‘ಅವಗಾಹನೆ’ ಸರಿಯೋ ‘ಗಮನ’ ಸರಿಯೋ ಎಂದು ಅರ್ಧ ದಿನ ಯೋಚಿಸಿದೆ. ಹತ್ತನೆಯ ದಿನ ಹೆಂಡತಿ ಅಕ್ಕಪಕ್ಕದ ಮೂವರನ್ನು ಕರೆದುಕೊಂಡು, ಖಾಲಿ ಕೊಡ ಹಿಡಿದು, ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸಂಜೆಗೆ ನಲ್ಲಿ ಕೆಮ್ಮಿತು, ಆಮೇಲೆ ನೀರು ಬಂತು. ನನ್ನ ಅರ್ಜಿ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಮಳೆಗಾಲದಲ್ಲಿ ಕೈಸೇರಿತು. ಕಾಗದ ಒದ್ದೆಯಾಗಿತ್ತು.

ಅವತ್ತು ನೆನಪಾದವರು ಮುಂಬಯಿಯ ಮೃಣಾಲ್ ಗೋರೆ. ಅವರ ಸುದ್ದಿ ನನಗೆ ಮೊದಲು ತಿಳಿದದ್ದು ಪುಸ್ತಕದಿಂದಲ್ಲ, ಗೋರೆಗಾಂವ್‌ನ ಚಾಳೊಂದರಲ್ಲಿ ಬಾಳು ಸವೆಸಿದ ನಮ್ಮ ದೊಡ್ಡಮ್ಮನಿಂದ. ದೊಡ್ಡಮ್ಮನಿಗೆ ರಾಜಕಾರಣಿಗಳೆಂದರೆ ತಾತ್ಸಾರ. ಮೃಣಾಲ್‌ತಾಯಿ ಎನ್ನುವಾಗ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

1928ರಲ್ಲಿ ಹುಟ್ಟಿದ ಮೃಣಾಲ್ ವೈದ್ಯಕೀಯ ಓದುತ್ತಿದ್ದ ಜಾಣ ಹುಡುಗಿ. ರಾಷ್ಟ್ರ ಸೇವಾ ದಳದ ಸೆಳೆತಕ್ಕೆ ಸಿಕ್ಕಿ ಓದು ಬಿಟ್ಟರು. ಸಮಾಜವಾದಿ ಗೆಳೆಯ ಕೇಶವ ಗೋರೆಯವರನ್ನು ಜಾತಿ ಮೀರಿ ಮದುವೆಯಾದರು. 1958ರಲ್ಲಿ ಗಂಡ ತೀರಿಕೊಂಡಾಗ ಅವರಿಗೆ ಮೂವತ್ತು, ಮಡಿಲಲ್ಲಿ ಪುಟ್ಟ ಮಗಳು. ಬಂಧುಗಳು ಏನೇನು ಬುದ್ಧಿ ಹೇಳಿರಬಹುದೆಂದು ನಾವು ಊಹಿಸಬಲ್ಲೆವು. ಅವರು ಮಾತ್ರ 1961ರಲ್ಲಿ ಮುಂಬಯಿ ಮಹಾನಗರಪಾಲಿಕೆಗೆ ಆಯ್ಕೆಯಾಗಿ ಹೋದರು. ಊರಂಚಿನ ಬಡಾವಣೆಗಳಿಗೆ ನೀರು ಬೇಕೆಂದು ಹಿಡಿದ ಹಟವನ್ನು ಬಿಡಲಿಲ್ಲ. ಜನ ‘ಪಾನೀವಾಲೀ ಬಾಯಿ’ ಎಂದರು. ನಮ್ಮ ಕಡೆ ಹೇಳುವುದಾದರೆ ನೀರಮ್ಮ.

1972ರಲ್ಲಿ ಮಹಾರಾಷ್ಟ್ರಕ್ಕೆ ಭೀಕರ ಬರ. ಎಣ್ಣೆ, ಸಕ್ಕರೆ, ಸೀಮೆಎಣ್ಣೆ ಕೈಗೆಟುಕದಾದವು. ಸಮಾಜವಾದಿಗಳಾದ ಮೃಣಾಲ್ ಮತ್ತು ಪ್ರಮೀಳಾ ದಂಡವತೆ, ಕಮ್ಯುನಿಸ್ಟರಾದ ಅಹಿಲ್ಯಾ ರಾಂಗ್ಣೇಕರ್ ಮತ್ತು ತಾರಾ ರೆಡ್ಡಿ ಒಟ್ಟಾಗಿ ಬೆಲೆಯೇರಿಕೆ ವಿರೋಧಿ ಮಹಿಳಾ ಸಮಿತಿ ಕಟ್ಟಿದರು. ಈ ಪಕ್ಷಗಳ ಗಂಡಸರು ಒಂದೇ ವೇದಿಕೆ ಹತ್ತಲು ಎಷ್ಟು ಸಭೆ ಬೇಕಾಗುತ್ತಿತ್ತೋ! ಹೆಂಗಸರು ಹೆಚ್ಚು ಚರ್ಚಿಸಲಿಲ್ಲ. ಲಟ್ಟಣಿಗೆಯಿಂದ ತಟ್ಟೆ ಬಡಿಯುತ್ತಾ ಬೀದಿಗಿಳಿದರು. ಮರಾಠಿಯಲ್ಲಿ ಅದು ‘ಲಾಟಣೆ ಮೋರ್ಚಾ’. ಲಾಟಣೆಗೂ ನಮ್ಮ ಲಟ್ಟಣಿಗೆಗೂ ನಂಟಿದ್ದುದರಿಂದ ದೊಡ್ಡಮ್ಮನಿಗೆ ಅರ್ಥ ಕೇಳಬೇಕಾಗಲಿಲ್ಲ. ಅವರೂ ಹೋಗಿದ್ದರು. ಅಂಚಿಗೆ ನಾಲ್ಕು ತಗ್ಗು ಬಿದ್ದ ಸ್ಟೀಲ್ ತಟ್ಟೆಯೊಂದು ಕೊನೆಯವರೆಗೂ ಅವರ ಗೂಡಿನಲ್ಲಿತ್ತು. ಅದರಲ್ಲಿ ಯಾರಿಗೂ ಊಟ ಬಡಿಸುತ್ತಿರಲಿಲ್ಲ. ಸಾರು ಒಂದು ಕಡೆಗೆ ಓಡುತ್ತದೆಂಬ ಕಾರಣ ಕೊಡುತ್ತಿದ್ದರು.

ಅದೇ 1972ರಲ್ಲಿ ಮೃಣಾಲ್ ಶಾಸಕಿಯಾದರು. ತುರ್ತುಪರಿಸ್ಥಿತಿಯಲ್ಲಿ ಕೆಲಕಾಲ ಭೂಗತರಾಗಿದ್ದು, ಸಿಕ್ಕಿಬಿದ್ದು ಜೈಲು ಕಂಡರು. 1977ರಲ್ಲಿ ಲೋಕಸಭೆಗೆ ಗೆದ್ದರು, ಇಂದಿರಾ ಗಾಂಧಿ ಸೋತರು. ‘ಪಾನೀವಾಲೀ ಬಾಯಿ ದಿಲ್ಲಿ ಮೇ, ದಿಲ್ಲಿವಾಲೀ ಬಾಯಿ ಪಾನೀ ಮೇ’ ಎಂದು ಜನ ಕೂಗಿದರು. ನೀರಮ್ಮ ದಿಲ್ಲಿಗೆ, ದಿಲ್ಲಿಯಮ್ಮ ನೀರಿಗೆ! ಮೊರಾರ್ಜಿ ದೇಸಾಯಿ ಆರೋಗ್ಯ ಖಾತೆ ಕೊಡುತ್ತೇನೆಂದರೂ ಮೃಣಾಲ್ ಒಲ್ಲೆನೆಂದರು. ಈ ಸಂಗತಿ ಹೇಳಿದಾಗೆಲ್ಲ ಕೇಳುವವರು ಒಮ್ಮೆ ಸುಮ್ಮನಾಗುತ್ತಾರೆ. ನಮ್ಮ ಬಡಾವಣೆ ಸಂಘದ ಖಜಾಂಚಿ ಹುದ್ದೆಗೇ ಹೋದ ವರ್ಷ ಎರಡು ಬಣವಾಗಿ ಮಾತು ಬಿಟ್ಟವರು ನಾವು.

ಮುಂದೆ ಗೋರೆಗಾಂವ್‌ನ ದಿಂಡೋಶಿಯಲ್ಲಿ, ನಗರ ಭೂಮಿತಿ ಕಾಯ್ದೆಯಡಿಯ ಹೆಚ್ಚುವರಿ ನೆಲಕ್ಕಾಗಿ ಹೋರಾಡಿ, 6000ಕ್ಕೂ ಹೆಚ್ಚು ಮನೆಗಳ ನಾಗರಿ ನಿವಾರಾ ಬಡಾವಣೆ ಎದ್ದು ನಿಲ್ಲಲು ಕಾರಣರಾದರು. ಗರ್ಭದಲ್ಲೇ ಹೆಣ್ಣನ್ನು ಗುರುತಿಸಿ ತೆಗೆಸುವ ದಂಧೆಯ ವಿರುದ್ಧ ವಿಧಾನಸಭೆಯಲ್ಲಿ ದನಿಯೆತ್ತಿದರು. 1988ರಲ್ಲಿ ಮಹಾರಾಷ್ಟ್ರ ಅದನ್ನು ತಡೆಯುವ ಕಾನೂನು ತಂದಿತು. ಇಡೀ ದೇಶಕ್ಕೆ ಅಂಥ ಕಾನೂನು ಬಂದದ್ದು 1994ರಲ್ಲಿ.

2012ರ ಜುಲೈಯಲ್ಲಿ ಮೃಣಾಲ್ ತೀರಿಕೊಂಡರು. ದೊಡ್ಡಮ್ಮ ಅದಕ್ಕೂ ಮೊದಲೇ ಹೋಗಿದ್ದರು. ಮನೆ ಖಾಲಿ ಮಾಡುವಾಗ ತಟ್ಟೆ ಗುಜರಿಗೆ ಹೋಯಿತು. ನಾನು ಅಲ್ಲೇ ಇದ್ದೆ, ಬೇಡವೆನ್ನಲು ತೋಚಲಿಲ್ಲ.

ಗೋರೆಗಾಂವ್‌ನಲ್ಲಿ ಈಗ ಮೃಣಾಲ್‌ತಾಯಿ ಗೋರೆ ಹೆಸರಿನ ಮೇಲ್ಸೇತುವೆಯಿದೆ. ಇದನ್ನು ಹೆಂಡತಿಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು. ‘ಸೇತುವೆಗ್ಯಾಕೆ, ಒಂದು ನಲ್ಲಿಗೆ ಇಡಬೇಕಿತ್ತು’ ಅಂದಳು.