ಅಂಜನಾದ್ರಿ ಹತ್ತಿದರೆ ಎಷ್ಟು ರೊಟ್ಟಿ ಕರಗುತ್ತೆ?

ಬನ್ರಿ, ಬೇಲಿ ಹತ್ತಿರ ಬನ್ರಿ. ಟಿ.ಬಿ. ಡ್ಯಾಂ ಕಡೆ ಒಂದು ತಾಸು ವಾಕಿಂಗ್ ಮಾಡಿ ಬಂದೆ, ವಾಚಿನಲ್ಲಿ ನಾನೂರು ಕ್ಯಾಲೊರಿ ಬಂತು, ಅದಕ್ಕೇ ಎರಡು ಮಿರ್ಚಿ ಹೆಚ್ಚಿಗೆ ತಿಂದೆ ಅಂದ್ರಲ್ಲ, ಆ ಮಾತು ನನ್ನ ತಲೆಯಿಂದ ಹೋಗ್ತಾ ಇಲ್ಲ. ಮಿರ್ಚಿ ತಿಂದಿದ್ದಕ್ಕೆ ನನ್ನ ತಕರಾರಿಲ್ಲ. ಹೊಸಪೇಟೆಯಲ್ಲಿದ್ದು ಒಗ್ಗರಣೆ ಮಂಡಕ್ಕಿ ಜೊತೆ ಮಿರ್ಚಿ ಬೇಡ ಅನ್ನೋಕಾಗುತ್ತಾ? ಆ ನಾನೂರನ್ನ ಬ್ಯಾಂಕಿನ ಪಾಸ್‌ಬುಕ್ಕಿನಂಗೆ ನಂಬಿದ್ರಲ್ಲ, ನನ್ನ ಚಿಂತೆ ಅದು.

ಆ ವಾಚು ಕ್ಯಾಲೊರಿಯನ್ನ ಅಳೆಯೋದೇ ಇಲ್ಲ ರೀ. ಅದರ ಅಡಿಯಲ್ಲಿ ಹಸಿರು ದೀಪ ಮಿಣಮಿಣ ಅನ್ನುತ್ತಲ್ಲ, ಆ ಬೆಳಕು ಚರ್ಮದೊಳಗಿನ ರಕ್ತದ ಏರಿಳಿತ ನೋಡಿ ನಾಡಿ ಎಣಿಸುತ್ತೆ. ಒಳಗಿರೋ ಸೆನ್ಸರ್ ಕೈ ಅಲುಗಾಡಿದ್ದನ್ನ ಹಿಡಿಯುತ್ತೆ. ಇವೆರಡರ ಜೊತೆ ನಿಮ್ಮ ವಯಸ್ಸು, ಎತ್ತರ, ತೂಕ ಸೇರಿಸಿ ಒಂದು ಸೂತ್ರಕ್ಕೆ ಹಾಕಿದರೆ ಬರೋದು ಆ ನಾನೂರು. ಸೂತ್ರ ಏನು ಅಂತ ಕಂಪನಿಗಳು ಬಿಚ್ಚಿ ಹೇಳಲ್ಲ. ನಿಜವಾಗಿ ಅಳೀಬೇಕಂದ್ರೆ ಮುಖಕ್ಕೆ ಮಾಸ್ಕ್ ಕಟ್ಟಿ, ಎಷ್ಟು ಆಮ್ಲಜನಕ ಬಳಸಿದ್ರಿ ಅಂತ ನೋಡಬೇಕು. ಒಂದು ಲೀಟರ್ ಆಮ್ಲಜನಕ ಅಂದ್ರೆ ಹೆಚ್ಚುಕಡಿಮೆ 5 ಕ್ಯಾಲೊರಿ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಅದನ್ನೇ ಮಾಡಿದರು. 60 ಜನರ ಕೈಗೆ ಏಳು ತರದ ವಾಚು ಕಟ್ಟಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ, ಉಸಿರಿನ ಲೆಕ್ಕದ ಜೊತೆ ಹೋಲಿಸಿ 2017ರಲ್ಲಿ ಪ್ರಕಟಿಸಿದರು. ನಾಡಿಬಡಿತದಲ್ಲಿ ಏಳರಲ್ಲಿ ಆರು ವಾಚುಗಳ ತಪ್ಪು ಶೇ. 5ರೊಳಗೇ ಇತ್ತು. ಅದು ಮೆಚ್ಚಬೇಕಾದ್ದೇ. ಕ್ಯಾಲೊರಿ ವಿಷಯಕ್ಕೆ ಬಂದ್ರೆ ಎಲ್ಲಕ್ಕಿಂತ ಚೆನ್ನಾಗಿದ್ದ ವಾಚಿನ ಸರಾಸರಿ ತಪ್ಪೇ ಶೇ. 27. ತೀರಾ ಕೆಟ್ಟದ್ದು ಶೇ. 93. ಚರ್ಮ ಕಪ್ಪಾದಷ್ಟೂ, ಮೈ ದಪ್ಪ ಆದಷ್ಟೂ ತಪ್ಪು ಹೆಚ್ಚಾಗಿತ್ತಂತೆ. ಅಂದಿನಿಂದ ವಾಚುಗಳು ಬದಲಾಗಿವೆ, ಒಪ್ಪಿದೆ. ಆದರೆ ಕೈಗೆ ಕಟ್ಟಿದ್ದು ಇವತ್ತಿಗೂ ಉಸಿರನ್ನ ನೋಡೋದಿಲ್ಲ.

ಇನ್ನು ನಮ್ಮ ಊರಿನ ಬಿಸಿಲು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ಆಸುಪಾಸು, ಹಂಪಿಯ ಬಂಡೆಗಳು ಸಂಜೆಯಾದರೂ ಕಾವು ಬಿಡಲ್ಲ. ಅಂಥ ಹೊತ್ತಲ್ಲಿ ಮೈ ತಂಪು ಮಾಡೋಕೆ ರಕ್ತ ಚರ್ಮದ ಕಡೆ ಹರೀಬೇಕು, ಅದಕ್ಕೇ ಎದೆ ಜೋರಾಗಿ ಬಡಕೊಳ್ಳುತ್ತೆ. ಕೆಲಸ ಅಷ್ಟೇ, ಬಡಿತ ಮಾತ್ರ ಜಾಸ್ತಿ. ನಾಡಿ ನಂಬಿಕೊಂಡ ವಾಚು, ಇವರು ಏನೋ ಭಾರೀ ದುಡೀತಿದ್ದಾರೆ ಅಂತ ಅಂಕಿ ಏರಿಸಿಬಿಡುತ್ತೆ.

ಇದರ ಉಲ್ಟಾನೂ ಉಂಟು. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಮಾಡೋ ಹೆಣ್ಣುಮಕ್ಕಳನ್ನ ನೋಡಿದ್ದೀರಲ್ಲ, ಕೆಸರಲ್ಲಿ ಕಾಲು ಹುಗಿದು, ಬೆಳಿಗ್ಗೆಯಿಂದ ಸಂಜೆವರೆಗೂ ನಡು ಬಗ್ಗಿಸಿ. ಅವರ ಕೈಗೆ ವಾಚು ಕಟ್ಟಿದರೆ ಹೆಜ್ಜೆ ಲೆಕ್ಕ ಎಷ್ಟು ಬಂದೀತು? ಕೆಸರಿಂದ ಕಾಲು ಕೀಳೋ ಶ್ರಮ ಅದಕ್ಕೆ ತಿಳಿಯಲ್ಲ. ಬೆನ್ನ ಮೇಲೆ ಭತ್ತದ ಚೀಲ ಹೊತ್ತವನೂ ಬರಿಗೈಲಿ ನಡೆಯೋನೂ ಹೆಜ್ಜೆ ಲೆಕ್ಕದಲ್ಲಿ ಒಂದೇ. ಸಂಡೂರಿನ ಘಟ್ಟದಲ್ಲಿ ಸೈಕಲ್ ತುಳಿಯೋ ಹುಡುಗರ ಕೈ ಹ್ಯಾಂಡಲ್ ಮೇಲೆ ಕದಲದೆ ಇರುತ್ತೆ, ತೊಡೆ ಉರೀತಿದ್ದರೂ ಹೆಜ್ಜೆ ಸೊನ್ನೆ. ತುಂಗಭದ್ರೆಯಲ್ಲಿ ಹರಿಗೋಲು ಹಾಕೋನಿಗೆ, ಕೂತಲ್ಲೇ ಸಾವಿರ ಹೆಜ್ಜೆ ನಡೆದೆ ಅಂತ ತೋರಿಸಿದರೂ ತೋರಿಸಬಹುದು. ನಿಜಕ್ಕೂ ಮೈಮುರಿದು ದುಡಿಯೋರ ದುಡಿಮೆಯೇ ಈ ಲೆಕ್ಕಕ್ಕೆ ಸಿಗದೆ ಹೋಗೋದು ನನಗೆ ಬಹಳ ನೋವು ಕೊಡೋ ವಿಷಯ.

ಈಗ ನೀವು ಕೇಳಿದ ಅಂಜನಾದ್ರಿ ಬೆಟ್ಟ. ಹತ್ತೋಕೆ 575 ಮೆಟ್ಟಿಲು. ಒಂದೊಂದು ಹದಿನೇಳು ಸೆಂಟಿಮೀಟರ್ ಅಂತ ಹಿಡಿದರೆ ನೂರು ಮೀಟರಿಗೆ ಸ್ವಲ್ಪ ಕಡಿಮೆ ಎತ್ತರ. ಎಪ್ಪತ್ತು ಕಿಲೋ ಮೈಯನ್ನ ಅಷ್ಟು ಮೇಲೆತ್ತೋಕೆ ಬರೀ 16 ಕ್ಯಾಲೊರಿ ಸಾಕು. ನಮ್ಮ ಸ್ನಾಯುಗಳು ಸುಟ್ಟಿದ್ದರಲ್ಲಿ ಕಾಲುಭಾಗ ಮಾತ್ರ ಕೆಲಸಕ್ಕೆ ಬಂದು ಉಳಿದದ್ದು ಶಾಖವಾಗಿ ಹೋಗೋದರಿಂದ 65 ಅನ್ನಿ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 170ರ ಹತ್ತಿರ ಇದೆ. ಅಂದ್ರೆ ಹನುಮಪ್ಪನ ಬೆಟ್ಟ ಏರಿದ್ದಕ್ಕೆ ಅರ್ಧ ರೊಟ್ಟಿಯೂ ಕರಗಲ್ಲ! ಇಳಿಯುವಾಗ ಖರ್ಚು ಇನ್ನೂ ಎಷ್ಟೋ ಕಡಿಮೆ. ಹೆಜ್ಜೆ ಎಣಿಸೋ ವಾಚಿಗೆ ಏರಿದ 575ಕ್ಕೂ ಇಳಿದ 575ಕ್ಕೂ ಭೇದವಿಲ್ಲ. ಎತ್ತರ ತಿಳಿಯೋ ಸೆನ್ಸರ್ ಇರೋ ವಾಚಾದರೆ ಪರವಾಗಿಲ್ಲ.

ನಿಮ್ಮ ವಾಕಿಂಗಿಗೂ ಇದೇ ಲೆಕ್ಕ ಹಾಕಿ. ಎಪ್ಪತ್ತು ಕಿಲೋ ತೂಕದೋರು ಸಮತಟ್ಟು ರಸ್ತೆಯಲ್ಲಿ ತಾಸಿಗೆ ಐದು ಕಿಲೋಮೀಟರಿನಂತೆ ಒಂದು ತಾಸು ನಡೆದರೆ ಸುಮಾರು 245. ಅದರಲ್ಲಿ 70 ಮನೆಯಲ್ಲಿ ಕೂತಿದ್ದರೂ ಖರ್ಚಾಗ್ತಿತ್ತು. ಕೆಲವು ವಾಚು ಒಟ್ಟು ಮೊತ್ತ ತೋರಿಸುತ್ತವೆ, ಕೆಲವು ನಡಿಗೆಯದ್ದು ಮಾತ್ರ. ಅದನ್ನೂ ಗಮನಿಸಬೇಕು. 245ರಲ್ಲಿ ಶೇ. 27 ಎಷ್ಟಾಯ್ತು? 66. ಒಳ್ಳೇ ವಾಚೂ ತಪ್ಪುವಷ್ಟರಲ್ಲಿ ಒಂದು ಅಂಜನಾದ್ರಿ ಏರಿ ಬಿಡಬಹುದು ನೋಡ್ರಿ.

ಸುಮ್ಮನೆ ಕೂತ ಖರ್ಚಿನ ಲೆಕ್ಕವೂ ನಮ್ಮ ಮೈಗೆ ಸರಿಯಾಗಿ ಹೊಂದಲ್ಲ. ಆ ಲೆಕ್ಕಕ್ಕೆ ಬಳಸೋ ಹ್ಯಾರಿಸ್-ಬೆನೆಡಿಕ್ಟ್ ಸೂತ್ರ 1919ರದು, 239 ಜನ ಅಮೆರಿಕನ್ನರ ಮೇಲೆ ಮಾಡಿದ್ದು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯವರು ಬಳಸಿದ ಸೂತ್ರದಲ್ಲಿ ಇಟಲಿಯವರ ಪಾಲೇ ದೊಡ್ಡದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೊ ಸೊರೆಸ್ ಮೊದಲಾದವರು ನಮ್ಮ ಜನರನ್ನೇ ಅಳೆದು, ಇಂಥ ಸೂತ್ರ ಭಾರತೀಯರಿಗೆ ಇರೋದಕ್ಕಿಂತ ಹೆಚ್ಚು ತೋರಿಸುತ್ತೆ ಅಂತ 1993ರಲ್ಲಿ ಬರೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮಿತಿಯೂ ಶೇ. 5ರಷ್ಟು ಇಳಿಸಿಯೇ ಲೆಕ್ಕ ಹಿಡಿಯಿತು. ಇಂಥ ಕೆಲಸ ನಮ್ಮ ರಾಜ್ಯದಲ್ಲೇ ಆಗಿದೆ ಅನ್ನೋದು ವಾಚು ಮಾರೋ ಅಂಗಡಿಯಲ್ಲಿ ಯಾರೂ ಹೇಳಲ್ಲ.

ಹಂಗಂತ ವಾಚು ಬಿಚ್ಚಿಡಬೇಡ್ರಿ. ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಷ್ಟಿದೆ ನೋಡ್ರಿ, ತಿಂಗಳುಗಟ್ಟಲೆ ನಡೆದ ಮೇಲೆ ಅದು ನಿಧಾನಕ್ಕೆ ಇಳಿದರೆ ಎದೆ ಗಟ್ಟಿಯಾಗ್ತಿದೆ ಅಂತ. ಹೋದ ವಾರಕ್ಕಿಂತ ಈ ವಾರ ಹೆಚ್ಚು ನಡೆದ್ರಾ, ಅದೂ ತಿಳಿಯುತ್ತೆ. ಕ್ಯಾಲೊರಿ ಅಂಕಿ ನೋಡಿ ಮಾತ್ರ ತಟ್ಟೆಗೆ ಬಡಿಸಿಕೊಳ್ಳಬೇಡ್ರಿ, ತಟ್ಟೆಯಿಂದ ತೆಗೀಲೂಬೇಡ್ರಿ. ನಿಮ್ಮ ಮನೆಯವರು ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತಾರಲ್ಲ, ವಾಚು ನೋಡಿ ರಾತ್ರಿ ಊಟ ಬಿಡೋದನ್ನ ಅವರು ಇವತ್ತೇ ನಿಲ್ಲಿಸಲಿ, ಊಟದ ಲೆಕ್ಕ ಡಾಕ್ಟರ ಹತ್ತಿರ ಕೇಳಲಿ.