80ರಿಂದ 100 ಪದಗಳಲ್ಲಿ

ಇಂಗ್ಲಿಷ್ ಕ್ಲಾಸಿನ ಸಣ್ಣಕತೆಗೆ ಬರುವ ಮೊದಲ ಪ್ರತಿಕ್ರಿಯೆ ಕತೆ ಶುರುವಾಗುವ ಮುಂಚೆಯೇ ಕೇಳಿಸುತ್ತದೆ. ಅದು, ಎಷ್ಟು ಪುಟ ಇದೆ ಎಂದು ಹಾಳೆ ಮಗುಚುವ ಸದ್ದು. ಎರಡನೆಯ ಪ್ರತಿಕ್ರಿಯೆ ಹಿಂದಿನ ಬೆಂಚಿನದು: "ಮಿಸ್, ಇದು ಎಕ್ಸಾಮಿಗೆ ಬರುತ್ತಾ?" ವಿಮರ್ಶೆಯ ಗ್ರಂಥಗಳು ಇವೆರಡನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಮುಂದೆ ಬರುವ ಯಾವ ಪ್ರತಿಕ್ರಿಯೆಯೂ ಇಷ್ಟು ಪ್ರಾಮಾಣಿಕವಾಗಿ ಇರುವುದಿಲ್ಲ.

ಶ್ರೀಗಂಧದ ಕಾವಲು ಈ ವಿಷಯದ ಅಧ್ಯಯನಕ್ಕೆ ಹೇಳಿ ಮಾಡಿಸಿದ ಜಾಗ. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಸುಪಾಸಿನಲ್ಲಿ, ಸುಂಕದಕಟ್ಟೆಯ ಹತ್ತಿರ ಇರುವ ಈ ಬಡಾವಣೆಯ ಹೆಸರಿನಲ್ಲಿ ಗಂಧವೂ ಇದೆ, ದನ ಮೇಯುವ ಕಾವಲೂ ಇದೆ. ಬೀದಿಯಲ್ಲಿ ಗಂಧವೂ ಇಲ್ಲ, ಕಾವಲೂ ಇಲ್ಲ. ದನ ಮಾತ್ರ ಹಟ ಹಿಡಿದು ರಸ್ತೆ ನಡುವೆ ಮಲಗಿವೆ. ಇಲ್ಲಿ ಮನೆಮಾತು ಕನ್ನಡವೋ ತೆಲುಗೋ ತಮಿಳೋ ಆಗಿರುತ್ತದೆ, ಸ್ಕೂಲಿನ ಬೋರ್ಡಿನ ಮೇಲೆ ಇಂಗ್ಲಿಷ್ ಮೀಡಿಯಂ ಎಂದಿರುತ್ತದೆ. ಹೀಗಾಗಿ ಕತೆಯನ್ನು ಓದುವುದು ಇಂಗ್ಲಿಷಿನಲ್ಲಿ, ಬಿಡಿಸಿ ಹೇಳುವುದು ಕನ್ನಡದಲ್ಲಿ, ಅರ್ಥವಾಗುವುದು ಅವರವರ ಮನೆಮಾತಿನಲ್ಲಿ, ಉತ್ತರ ಬರೆಯುವುದು ಗೈಡಿನ ಭಾಷೆಯಲ್ಲಿ. ಈ ನಾಲ್ಕನೆಯದನ್ನು ಇಂಗ್ಲಿಷ್ ಎನ್ನಬಹುದೇ ಎಂಬ ಬಗ್ಗೆ ಭಿನ್ನಾಭಿಪ್ರಾಯ ಇದೆ.

ಪಾಠದ ಕ್ರಮ ಹೀಗೆ. ಮಿಸ್ ಒಂದು ಪ್ಯಾರಾ ಓದುತ್ತಾರೆ. ತರಗತಿ ನಿಶ್ಶಬ್ದವಾಗಿರುತ್ತದೆ. ಅದನ್ನು ಗಮನವೆಂದು ಭಾವಿಸಬಾರದು. ಆಮೇಲೆ "ಅಂದ್ರೆ ಏನಪ್ಪಾ ಅಂದ್ರೆ" ಎಂದು ಶುರುಮಾಡುತ್ತಾರೆ, ಕತೆಗೆ ಜೀವ ಬರುತ್ತದೆ. ಓ. ಹೆನ್ರಿ 1905ರಲ್ಲಿ ಬರೆದ ‘ದಿ ಗಿಫ್ಟ್ ಆಫ್ ದ ಮ್ಯಾಜೈ’ ಮಗ್ಗುಲು ಬದಲಿಸುವುದು ಈ ಘಟ್ಟದಲ್ಲೇ. 1 ಡಾಲರ್ 87 ಸೆಂಟ್ ಎಣಿಸುತ್ತಾ ಕೂತ ಡೆಲ್ಲಾ, ತಿಂಗಳ ಕೊನೆಯಲ್ಲಿ ಸಾಸಿವೆ ಡಬ್ಬಿ ತಡಕುವ ಪಕ್ಕದ ಮನೆಯ ಅಕ್ಕ ಆಗಿಬಿಡುತ್ತಾಳೆ. ಗಂಡನಿಗೆ ಗಡಿಯಾರದ ಸರ ಕೊಳ್ಳಲು ಅವಳು ಕೂದಲನ್ನು 20 ಡಾಲರಿಗೆ ಮಾರುತ್ತಾಳೆ. ಅವಳ ಕೂದಲಿಗೆ ಬಾಚಣಿಗೆ ತರಲು ಅವನು ಗಡಿಯಾರವನ್ನೇ ಮಾರಿ ಬಂದಿರುತ್ತಾನೆ. ಜಗತ್ತಿನ ಬೇರೆಡೆ ಇದನ್ನು ತ್ಯಾಗದ ಕತೆ ಎಂದು ಓದುತ್ತಾರಂತೆ. ಇಲ್ಲಿ ಮೊದಲು ಕೈ ಎತ್ತುವುದು ವ್ಯಾಪಾರದ ಪ್ರಶ್ನೆಗೆ. ಕೂದಲು ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಾರೆ. ವರ್ಷಗಟ್ಟಲೆ ಬಾಚಣಿಗೆಯಿಂದ ಬಿಡಿಸಿ ಗೋಡೆ ಸಂದಿಯಲ್ಲಿ ಸುತ್ತಿಟ್ಟರೂ ಒಂದು ಲೋಟ ಗಿಟ್ಟಿದರೆ ಹೆಚ್ಚು. ತಿರುಪತಿಯಲ್ಲಂತೂ ಕೊಟ್ಟು ಬರುವುದೇ ವಿನಾ ತರುವುದಿಲ್ಲ. ಹಾಗಿರುವಾಗ 20 ಡಾಲರೇ? ಇನ್ನೊಂದು ಪಂಗಡದ ವಾದ ಬೇರೆ: ಗಡಿಯಾರವನ್ನು ಮಾರಿದ್ದು ತಪ್ಪು, ಅಡ ಇಡಬೇಕಿತ್ತು. ಮೂರನೆಯ ಪಂಗಡ ಲಾಭನಷ್ಟ ಹಾಕಿ, ಕೂದಲು ಬೆಳೆಯುತ್ತದೆ, ಬಾಚಣಿಗೆ ಕೆಲಸಕ್ಕೆ ಬರುತ್ತದೆ, ಗಡಿಯಾರ ಬೆಳೆಯುವುದಿಲ್ಲ, ಆದ್ದರಿಂದ ಕೊನೆಗೆ ಗೆದ್ದವಳು ಡೆಲ್ಲಾ ಎಂದು ತೀರ್ಪು ಕೊಡುತ್ತದೆ. ಈ ಗದ್ದಲದ ನಡುವೆ ಯಾವಳೋ ಒಬ್ಬಳು "ಪಾಪ" ಎಂದಿರುತ್ತಾಳೆ. ಓ. ಹೆನ್ರಿ ಬದುಕಿದ್ದರೆ ಅಷ್ಟರಲ್ಲೇ ತೃಪ್ತಿಪಡುತ್ತಿದ್ದನೇನೋ.

ದ್ವಿತೀಯ ಪಿಯುಸಿಯ ‘ಸ್ಪ್ರಿಂಗ್ಸ್’ ಪುಸ್ತಕಕ್ಕೆ ಬಂದರೆ ಪ್ರತಿಕ್ರಿಯೆ ಇನ್ನಷ್ಟು ಪಳಗಿರುತ್ತದೆ. ಅದರಲ್ಲಿರುವ ಟಾಲ್‌ಸ್ಟಾಯ್‌ನ ‘ಟೂ ಡಿಯರ್’ ಕತೆಯಲ್ಲಿ ಪುಟ್ಟ ಮೊನಾಕೊ ರಾಜ್ಯದ ದೊರೆಗೆ ಒಬ್ಬ ಕೊಲೆಗಾರನ ತಲೆ ಕಡಿಸಬೇಕಾಗುತ್ತದೆ. ಕಡಿಯುವ ಯಂತ್ರಕ್ಕೆ ಫ್ರಾನ್ಸ್ 16,000 ಫ್ರಾಂಕ್ ಕೇಳುತ್ತದೆ, ಇಟಲಿ 12,000. ದುಬಾರಿಯಾಯಿತೆಂದು ಸೆರೆಯಲ್ಲಿಟ್ಟರೆ ಕಾವಲಿನವನಿಗೂ ಊಟಕ್ಕೂ ವರ್ಷಕ್ಕೆ 600 ಫ್ರಾಂಕ್ ಖರ್ಚು. ಕಾವಲು ತೆಗೆದರೆ ಕೈದಿ ತಾನೇ ಅರಮನೆಗೆ ಹೋಗಿ ಊಟ ತಂದುಕೊಳ್ಳುತ್ತಾನೆ, ಓಡಿ ಹೋಗುವುದಿಲ್ಲ. ಕೊನೆಗೆ ಅವನಿಗೆ 600 ಫ್ರಾಂಕ್ ಪಿಂಚಣಿ ಕೊಟ್ಟು ಸಾಗಹಾಕುತ್ತಾರೆ. ಅವನು ಗಡಿಯಾಚೆ ಜಮೀನು ಕೊಂಡು ತರಕಾರಿ ಬೆಳೆಯುತ್ತಾನೆ. ಶಿಕ್ಷೆ ಎಂಬುದರ ಟೊಳ್ಳುತನ ಇಲ್ಲಿ ಚರ್ಚೆಗೆ ಬರಬೇಕು. ಬರುವುದಿಲ್ಲ. ಅಪ್ಪ ಕಂಟ್ರಾಕ್ಟು ಮಾಡಿಸುವ ಹುಡುಗನಿಗೆ ಹೊಳೆಯುವುದು ಒಂದೇ: ದೊರೆ ಎರಡೇ ಕೊಟೇಷನ್ ತರಿಸಿದ್ದಾನೆ, ಮೂರು ಕರೆಯಬೇಕಿತ್ತು. ಪಿಂಚಣಿಯ ವಿಷಯದಲ್ಲಿ ಮಾತ್ರ ತರಗತಿಗೆ ಒಮ್ಮತ ಇದೆ. ತಾತನ ಪಿಂಚಣಿಗೆ ಕಚೇರಿ ಅಲೆದವರಿಗೆ, ಅರ್ಜಿ ಹಾಕದೆಯೇ ಅದನ್ನು ಪಡೆದ ಕೈದಿ ಮಹಾಪುರುಷನಂತೆ ಕಾಣುತ್ತಾನೆ.

ಚಿನುವಾ ಅಚಿಬೆಯ ‘ದ ವೋಟರ್’ಗೆ ಟಿಪ್ಪಣಿಯೇ ಬೇಕಿಲ್ಲ. ನೈಜೀರಿಯಾದ ರೂಫ್ ಎಂಬವನು ಒಬ್ಬ ಮಂತ್ರಿಯ ಪರ ಪ್ರಚಾರ ಮಾಡುತ್ತಾ, ಎದುರು ಪಕ್ಷದವರಿಂದ 5 ಪೌಂಡ್ ಇಸಿದುಕೊಂಡು, ಅವರು ತಂದ ದೈವದ ಮುಂದೆ ಆಣೆ ಇಟ್ಟು, ಕೊನೆಗೆ ಮತಪತ್ರವನ್ನು ಎರಡು ತುಂಡು ಮಾಡಿ ಇಬ್ಬರ ಪೆಟ್ಟಿಗೆಗೂ ಒಂದೊಂದು ಹಾಕುತ್ತಾನೆ. ನೈಜೀರಿಯಾ ಎಲ್ಲಿದೆ ಎಂದು ಭೂಪಟದಲ್ಲಿ ತೋರಿಸಲಾರದವರೂ ಈ ಕತೆಯನ್ನು ಒಂದೇ ಓದಿಗೆ ಹಿಡಿಯುತ್ತಾರೆ. ದೇವರ ಫೋಟೋ ಮುಟ್ಟಿಸಿ ನೋಟು ಕೊಡುವುದು, ಕುಕ್ಕರು, ಸೀರೆ, ಎಲ್ಲ ಪರಿಚಿತ. ಅವರಿಗೆ ಅರ್ಥವಾಗದ್ದು ಮತಪತ್ರ ಒಂದೇ. ಮತಯಂತ್ರವನ್ನು ಎರಡು ತುಂಡು ಮಾಡುವುದು ಹೇಗೆ?

ಕನ್ನಡ ಕತೆಯೇ ಇಂಗ್ಲಿಷ್ ಪುಸ್ತಕದಲ್ಲಿ ಬಂದಾಗ ಪ್ರಸಂಗ ಇನ್ನೂ ಸ್ವಾರಸ್ಯ. ‘ಸ್ಪ್ರಿಂಗ್ಸ್’ನಲ್ಲೇ ಪಿ. ಲಂಕೇಶರ ‘ದ ಗಾರ್ಡನರ್’ ಇದೆ. ಲಂಕೇಶರು ಇಂಗ್ಲಿಷ್ ಮೇಷ್ಟ್ರ ಕೆಲಸ ಬಿಟ್ಟು 1980ರಲ್ಲಿ ಪತ್ರಿಕೆ ಮಾಡಿದವರು. ಬಿಟ್ಟ ಕ್ಲಾಸಿಗೇ ಅವರ ಕತೆ ವಾಪಸು ಬಂದಿದೆ. ಕನ್ನಡದಿಂದ ಇಂಗ್ಲಿಷಿಗೆ ಹೋದ ಕತೆ ಕರಿಹಲಗೆಯ ಮುಂದೆ ಮತ್ತೆ ಕನ್ನಡವಾಗುತ್ತದೆ. ಅದು ಎರಡನೇ ಡಿಕಾಕ್ಷನ್ನಿನ ಕಾಫಿ. ಬಿಸಿ ಇರುತ್ತದೆ, ಅಷ್ಟೆ.

ಸಿಬಿಎಸ್‌ಇ ಮಕ್ಕಳ 11ನೇ ತರಗತಿಯ ‘ಸ್ನ್ಯಾಪ್‌ಶಾಟ್ಸ್’ನಲ್ಲಿ ಹಲವು ವರ್ಷ ಇದ್ದ ಮಾಸ್ತಿಯವರ ‘ರಂಗಾಸ್ ಮ್ಯಾರೇಜ್’ನದು ಮತ್ತೊಂದು ಬಗೆ. ಇಂಗ್ಲಿಷ್ ಕಲಿಯಲು ಬೆಂಗಳೂರಿಗೆ ಹೋದ ರಂಗ ಹೊಸಹಳ್ಳಿಗೆ ಮರಳಿದಾಗ, ಹುಡುಗ ಕೆಟ್ಟನೋ ನೆಟ್ಟಗಿದ್ದಾನೋ ಎಂದು ನೋಡಲು ಊರಿಗೆ ಊರೇ ನೆರೆಯುತ್ತದೆ. ಮುದುಕಿಯೊಬ್ಬಳು ಜನಿವಾರ ಇದೆಯೇ ಎಂದು ಎದೆ ಮುಟ್ಟಿ ನೋಡುತ್ತಾಳೆ. ಶ್ರೀಗಂಧದ ಕಾವಲಿನಲ್ಲಿ ಇಂದು ಊರು ನೆರೆಯಬೇಕಾದರೆ ಇಂಗ್ಲಿಷ್ ಕಲಿಯದೆ ಮರಳಿದವನೊಬ್ಬ ಬೇಕು. ಮುಂದೆ ರತ್ನಳನ್ನು ರಂಗನಿಗೆ ಗಂಟುಹಾಕಲು ಶಾಸ್ತ್ರಿಯ ಜೊತೆ ಸೇರಿ ನಿರೂಪಕ ಹೂಡುವ ಆಟ ಮಾಸ್ತಿಯವರ ತಣ್ಣನೆಯ ಹಾಸ್ಯದ ಒಳ್ಳೆಯ ಮಾದರಿ. ಆದರೆ ರತ್ನಳಿಗೆ 11 ವರ್ಷ ಎಂಬ ವಾಕ್ಯ ಬಂದ ಕೂಡಲೇ ಹಾಸ್ಯ ನಿಲ್ಲುತ್ತದೆ. "ಮಿಸ್, 1098ಕ್ಕೆ ಫೋನ್ ಮಾಡ್ಬೇಕಲ್ವಾ?" ಮಕ್ಕಳ ಸಹಾಯವಾಣಿಯ ನಂಬರು ಸ್ಕೂಲಿನ ಗೋಡೆಯ ಮೇಲೇ ಬರೆದಿರುತ್ತದೆ. ಜ್ಞಾನಪೀಠ ಪಡೆದ ಕತೆಗಾರನ ವಿರುದ್ಧ ದೂರು ಕೊಡಲು ಇಡೀ ಬೆಂಚು ಸಿದ್ಧ. ಸೆಕ್ಷನ್ ಯಾವುದು ಎಂಬುದಷ್ಟೇ ಬಾಕಿ.

ಇಷ್ಟೆಲ್ಲ ವಾದ ಮಾಡಿದ ಬಾಯಿ ಪರೀಕ್ಷೆಯ ಹಾಲಿನಲ್ಲಿ ಮುಚ್ಚಿಕೊಳ್ಳುತ್ತದೆ. ಪಿಯುಸಿಯಲ್ಲಿ 4 ಅಂಕದ ಪ್ರಶ್ನೆಗೆ 80ರಿಂದ 100 ಪದ, 6 ಅಂಕಕ್ಕೆ ಸುಮಾರು 200 ಪದ. ‘ಇನ್ ದಿಸ್ ಸ್ಟೋರಿ ದ ರೈಟರ್ ಸೇಸ್ ದಟ್’ ಎಂದರೆ 7 ಪದ ಆಗಲೇ ದಕ್ಕಿತು. ಕೊನೆಗೆ ‘ದಸ್ ದ ಸ್ಟೋರಿ ಎಂಡ್ಸ್’ ಎಂದು 4. ಉಳಿದದ್ದಕ್ಕೆ ಗೈಡ್ ಇದೆ. ಕೊಟೇಷನ್ನಿನ ಹುಡುಗನೂ, ಅಡ ಇಡಿಸುವ ಪಂಗಡವೂ, 1098ರ ಹುಡುಗಿಯೂ ಒಂದೇ ಅಕ್ಷರದಲ್ಲಿ ಬರೆದಂತೆ ಒಂದೇ ಉತ್ತರ ಬರೆದು ಬರುತ್ತಾರೆ. ಒಂದು ಪದದಲ್ಲಿ ಉತ್ತರಿಸುವ ವಿಭಾಗವೂ ಇದೆ ನಿಜ. ಅಲ್ಲಿ ‘ಪಾಪ’ ಎಂದು ಬರೆದರೆ ಅಂಕ ಇಲ್ಲ.

ಪರೀಕ್ಷೆ ಮುಗಿದ ವಾರದಲ್ಲಿ ಗೈಡು ಅರ್ಧ ಬೆಲೆಗೆ ಕೆಳಗಿನ ಬೀದಿಯ ಜೂನಿಯರ್ ಕೈಸೇರುತ್ತದೆ. ಅವನು ಮೊದಲು ನೋಡುವುದು ಯಾವ ಪುಟಕ್ಕೆ ಹೆಚ್ಚು ಗೆರೆ ಎಳೆದಿದೆ ಎಂದು. ಗೆರೆ ಇಲ್ಲದ ಕತೆಗಳನ್ನು ಅವನು ಓದುವುದಿಲ್ಲ.